ಸೀಳುಬಂಡೆಯ ಬಳಿ ಹುಡುಕಿ

ಹೇಳಿಕೆದಾರನ ಹೆಸರು, ತಂದೆಯ ಹೆಸರು ಭಾನುವಾರ ರಾತ್ರಿ ಬರೆಸಿದ ಮೊದಲ ಹೇಳಿಕೆಯಲ್ಲಿರುವಂತೆ. ವಯಸ್ಸು 46. ಕೆಲಸ: ಕಾಗದದ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಸುರಕ್ಷತಾ ಮೇಲ್ವಿಚಾರಕ. ವಾಸ: ಕಾರ್ಖಾನೆಯ ವಸತಿಗೃಹ, ಎರಡನೇ ಸಾಲು, ಕೊನೆಯ ಮನೆ.

ಇಂದು ಮಂಗಳವಾರ ಬೆಳಿಗ್ಗೆ 10-05ಕ್ಕೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ಕಾಡಿನಲ್ಲಿ ಕಾಣೆಯಾಗಿರುವ ನನ್ನ ಹೆಂಡತಿಯ ಅಣ್ಣನ ವಿಷಯದಲ್ಲಿ ನಾನು ಮೊದಲ ಹೇಳಿಕೆಯಲ್ಲಿ ಒಂದು ಮಾತು ಮುಚ್ಚಿಟ್ಟಿದ್ದೇನೆ. ಅದರಿಂದ ಹುಡುಕುವವರು ನಿನ್ನೆಯಿಂದ ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ. ಭಾವ ಸೇತುವೆಯ ಕೆಳಗಿಲ್ಲ. ಸೀಳುಬಂಡೆಯ ಬಳಿ ಇದ್ದಾರೆ.

ಕಾರ್ಖಾನೆಯಿಂದ ನಾವು ಎಂಟು ಜನ ಭಾನುವಾರ ಬೆಟ್ಟ ಹತ್ತುವುದೆಂದು ಹದಿನೈದು ದಿನ ಮೊದಲೇ ತೀರ್ಮಾನವಾಗಿತ್ತು. ಕಾಡಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಎಲ್ಲರೂ ಜೀವ ಉಳಿಸಿಕೊಳ್ಳುವುದು ಹೇಗೆ ಎಂದು ನಾನು ಹದಿನಾಲ್ಕು ನಿಯಮ ಬರೆದು, ಕ್ಯಾಂಟೀನಿನಲ್ಲಿ ಎಲ್ಲರಿಗೂ ಒಂದೊಂದು ಪ್ರತಿ ಹಂಚಿದೆ. ನಮ್ಮ ಫಿಟ್ಟರ್ ಅದನ್ನು ನೋಡಿ, ನಾವು ಹೋಗುತ್ತಿರುವುದು ಬೆಟ್ಟಕ್ಕೋ ಯುದ್ಧಕ್ಕೋ ಎಂದು ಕೇಳಿದ. ಎಲ್ಲರೂ ನಕ್ಕರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡವರು ಭಾವ ಒಬ್ಬರೇ. ಅವರ ವಯಸ್ಸು 58, ನಮ್ಮ ಕಾರ್ಖಾನೆಯಲ್ಲೇ ಲಾರಿ ತೂಗುವ ಕಡೆ ಗುಮಾಸ್ತರು.

ಮೊದಲನೇ ನಿಯಮ, ಯಾರನ್ನೂ ಒಂಟಿಯಾಗಿ ಬಿಡಬಾರದು. ಒಂಬತ್ತನೇ ನಿಯಮ, ವಾಕಿಟಾಕಿಯಲ್ಲಿ ‘ನಿಲ್ಲಿ’, ‘ಇಳಿಯಿರಿ’, ‘ಸರಿ’ ಎಂಬ ಮೂರು ಮಾತು ಬಿಟ್ಟು ಬೇರೆ ಆಡಬಾರದು, ಅರ್ಥ ಕೆಡುತ್ತದೆ. ಎರಡನ್ನೂ ಮುರಿದವನು ನಾನೇ.

ಭಾನುವಾರ ಬೆಳಿಗ್ಗೆ 7-30ಕ್ಕೆ ರಸ್ತೆಯ ಸೇತುವೆಯಿಂದ ಹಳ್ಳದ ಪಕ್ಕದ ದಾರಿ ಹಿಡಿದೆವು. ಎರಡೂವರೆ ಕಿಲೋಮೀಟರ್ ಮೇಲೆ ಸೀಳುಬಂಡೆ ಇದೆ. ಅಲ್ಲಿ ದಾರಿ ಹಳ್ಳವನ್ನು ಬಿಟ್ಟು ಬೆಟ್ಟದ ನೆತ್ತಿಗೆ ಏರುತ್ತದೆ. ವಾಕಿಟಾಕಿ ಎರಡಿದ್ದವು. ಒಂದು ಮುಂದೆ ನನ್ನ ಬಳಿ, ಇನ್ನೊಂದು ಕೊನೆಯಲ್ಲಿ ಬರುವ ಭಾವನ ಬಳಿ. ಬಂಡೆಯಾಚೆಯ ಹುಲ್ಲುಗಾವಲಿನಲ್ಲಿ ಊಟಕ್ಕೆಂದು ಬಹಳ ಹೊತ್ತು ಕೂತು, ಮಧ್ಯಾಹ್ನ ಮತ್ತೆ ಬಂಡೆಯ ಹತ್ತಿರ ಬಂದು ಬೆಟ್ಟ ಹತ್ತಿದೆವು. 2-10ಕ್ಕೆ ಮಂಜು ಇಳಿಯಿತು. ಚಾಚಿದ ಕೈ ಕಾಣದಷ್ಟು. 2-25ಕ್ಕೆ ತಲೆ ಎಣಿಸಿದೆ. ಏಳೇ ಇದ್ದವು.

2-30ಕ್ಕೆ ಭಾವನನ್ನು ಕರೆದೆ. ಮೊಣಕಾಲು ಉಳುಕಿ ಊದಿದೆ, ಸೀಳುಬಂಡೆಯ ಹತ್ತಿರವೇ ಉಳಿದುಬಿಟ್ಟೆ, ಕೋಲು ಹಿಡಿದು ನಡೆಯಬಲ್ಲೆ ಎಂದರು. ನಾವು ಅವರಿಂದ 1.4 ಕಿಲೋಮೀಟರ್ ಮುಂದಿದ್ದೆವು. ಬೆಟ್ಟದ ಆಚೆ ಇಳಿದು ರಸ್ತೆ ಸೇರಲು ಮೂರು ಕಿಲೋಮೀಟರ್. ನಾವು ಹಾಗೆ ಇಳಿಯುವುದು, ಅವರು ಹಳ್ಳದ ಜೊತೆಗೇ ಇಳಿಯುವುದು, ಸೇತುವೆಯಲ್ಲಿ ಸೇರುವುದು ಎಂದು ತೀರ್ಮಾನಿಸಿ ‘ಇಳಿಯಿರಿ’ ಎಂದೆ. ಅವರು ‘ಸರಿ’ ಎಂದರು. ಇಲ್ಲಿಗೆ ಮುಗಿಯಬೇಕಿತ್ತು. ಮೊದಲ ಹೇಳಿಕೆಯಲ್ಲಿ ಇಲ್ಲಿಗೇ ಮುಗಿಸಿದ್ದೇನೆ.

ಆದರೆ ನಾನು ಹೊರಡುತ್ತಿದ್ದೆ. ಹಿರಿಯರನ್ನು ಬಿಟ್ಟು ಹೊರಡುವಾಗ ‘ಹೋಗ್ತೀನಿ’ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅಭ್ಯಾಸದ ಮೇಲೆ, “ಆಯ್ತು ಭಾವ, ಬರ್ತೀನಿ” ಎಂದುಬಿಟ್ಟೆ.

ಅವರ ದನಿ ಹಗುರಾಯಿತು. “ಬರ್ತೀರಾ? ಹಾಗಾದ್ರೆ ನಾನು ಇಲ್ಲೇ ಕೂತಿರ್ತೀನಿ. ಆತುರ ಬೇಡ, ನಿಧಾನಕ್ಕೆ ಬನ್ನಿ” ಎಂದರು. ಅಲ್ಲ ಭಾವ ಎಂದು ಗುಂಡಿ ಒತ್ತುವಷ್ಟರಲ್ಲಿ ನನ್ನ ವಾಕಿಟಾಕಿಯ ಬ್ಯಾಟರಿ ಸತ್ತಿತು. ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ಸಮಯ 2-34.

ಭಾವ ಏನಂದ್ರು ಎಂದು ಫಿಟ್ಟರ್ ಕೇಳಿದ. ಇಳಿಯುತ್ತಾರಂತೆ ಎಂದೆ. ವಾಪಸು ಬಂಡೆಗೆ ಹೋಗಿ ಅವರನ್ನು ಕರೆದುಕೊಂಡು ಹಳ್ಳದ ದಾರಿಯಲ್ಲಿ ಇಳಿದಿದ್ದರೆ ಒಟ್ಟು 3.9 ಕಿಲೋಮೀಟರ್. ಅಂದರೆ 900 ಮೀಟರ್ ಹೆಚ್ಚು. ಆರು ಜನರ ಜವಾಬ್ದಾರಿ ಇತ್ತು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಆ ಮಂಜಿನೊಳಕ್ಕೆ ಮತ್ತೆ ಹೋಗಲು ನನಗೆ ಹೆದರಿಕೆಯಾಗಿತ್ತು. ಕಾದು ಕಾದು ಸಾಕಾಗಿ ತಾವೇ ಇಳಿದು ಬರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವರು ಹಾಗೆ ಬರುವ ಆಸಾಮಿಯಲ್ಲ. ಹಿಂದೊಮ್ಮೆ ಆಸ್ಪತ್ರೆಯ ಗೇಟಿನಲ್ಲಿ ಇಲ್ಲೇ ಇರಿ, ಸ್ಕೂಟರ್ ತರುತ್ತೇನೆ ಎಂದು ಹೋಗಿದ್ದೆ. ಸ್ಕೂಟರ್ ಕೆಟ್ಟು ಎರಡು ಗಂಟೆ ತಡವಾಯಿತು. ಹತ್ತು ಹೆಜ್ಜೆಯಾಚೆ ನೆರಳಿದ್ದರೂ ಭಾವ ಕೈಚೀಲ ಹಿಡಿದು ಬಿಸಿಲಲ್ಲೇ ನಿಂತಿದ್ದರು. ಅಲ್ಲಿ ನಿಂತರೆ ನಿಮಗೆ ಕಾಣ್ತಿರಲಿಲ್ಲವಲ್ಲ ಎಂದರು. ಮನೆಯಲ್ಲಿ ವರ್ಷಗಟ್ಟಲೆ ಇದನ್ನು ಹೇಳಿಕೊಂಡು ನಕ್ಕಿದ್ದೇವೆ.

ಸಂಜೆ 5-30ಕ್ಕೆ ನಾವು ರಸ್ತೆಯಿಂದ ಲಾರಿಯಲ್ಲಿ ಸೇತುವೆಗೆ ಬಂದೆವು. ಭಾವ ಇರಲಿಲ್ಲ. 6-10ರವರೆಗೆ ಕೂಗಿದೆವು. 7 ಗಂಟೆಗೆ ಹೆಂಡತಿಗೆ ಫೋನು ಮಾಡಿ, ಇಳಿಯಲು ಹೇಳಿದ್ದೆ, ನಿನ್ನ ಅಣ್ಣ ಮಾತು ಕೇಳಿಲ್ಲ ಎಂದೆ. ಅವಳು, “ಅಣ್ಣ ಹೇಳಿದ ಮಾತು ಮೀರೋನಲ್ಲ ರೀ” ಎಂದಳು. ನಾನು ಫೋನು ಇಟ್ಟೆ.

2-34ಕ್ಕೆ ಹೊರಟ ಭಾವ ಎಷ್ಟು ದೂರ ಇಳಿದಿರಬಹುದೆಂದು ಹುಡುಕುವವರು ನನ್ನ ಹೇಳಿಕೆಯ ಮೇಲೆ ಲೆಕ್ಕ ಹಾಕಿ, ನಿನ್ನೆ ಇಡೀ ದಿನ ಹಳ್ಳದ ಕೆಳಗಿನ ಒಂದು ಕಿಲೋಮೀಟರನ್ನು ಮಾತ್ರ ಜಾಲಾಡಿದರು. ಬಂಡೆಯವರೆಗೆ ಯಾರೂ ಹೋಗಲಿಲ್ಲ. ಹೋಗಿ ಎನ್ನಲು ನನಗೂ ಬಾಯಿ ಬರಲಿಲ್ಲ.

ಇಂದು ಬೆಳಿಗ್ಗೆ 9-15ಕ್ಕೆ ಸೇತುವೆಯ ಕೆಳಗಿನ ಮಡುವಿಗೆ ಕೊಕ್ಕೆ ಕಟ್ಟಿದ ಹಗ್ಗ ಇಳಿಸಿದರು. ಸ್ವೆಟರ್ ಯಾವ ಬಣ್ಣ ಎಂದು ನನ್ನ ಹೆಂಡತಿಯನ್ನು ಕೇಳಿದರು. ಬೂದು ಬಣ್ಣ, ಎಡ ಮೊಣಕೈಯಲ್ಲಿ ನಾನೇ ತೇಪೆ ಹಾಕಿದ್ದೇನೆ ಎಂದಳು. ಹೇಳುವಾಗ ಅವಳ ಮುಖ ನನ್ನ ಕಡೆಗಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಭಾವನ ಚೀಲದಲ್ಲಿ ಒಂದು ಲೀಟರ್ ನೀರು, ಎರಡು ಬಿಸ್ಕತ್ ಪೊಟ್ಟಣ, ಒಂದು ಪ್ಲಾಸ್ಟಿಕ್ ಹಾಳೆ, ಒಂದು ಶಾಲು ಇವೆ. ಬೆಂಕಿಪೊಟ್ಟಣ ಇಲ್ಲ. ತಂಡಕ್ಕೆ ಒಂದೇ ಸಾಕೆಂದು ಬರೆದಿದ್ದೆ, ಅದು ನನ್ನ ಜೇಬಿನಲ್ಲಿತ್ತು. ಎರಡು ರಾತ್ರಿ ಕಳೆದಿವೆ.

ಇಷ್ಟು ಹೇಳಿದಾಗ 10-25. ಅಧಿಕಾರಿಗಳು ಕೂಡಲೇ ವೈರ್‌ಲೆಸ್‌ನಲ್ಲಿ ಮಡುವಿನ ಕೆಲಸ ನಿಲ್ಲಿಸಿ, ಎಲ್ಲರೂ ಸೀಳುಬಂಡೆಗೆ ಹತ್ತಬೇಕೆಂದು ತಿಳಿಸಿದರು. ಠಾಣೆಯಿಂದ ಒಂದು ಜೀಪು ಹೊರಡುವುದೆಂದೂ, ಅದರಲ್ಲಿ ಒಬ್ಬರಿಗೆ ಮಾತ್ರ ಜಾಗವಿದೆಯೆಂದೂ ಹೇಳಿದರು.

ನನ್ನ ಹೆಂಡತಿ ನನ್ನ ಹಿಂದೆಯೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಹೇಳಿಕೆಯನ್ನು ನನಗೆ ಓದಿ ಹೇಳುವಾಗ ಬಾಗಿಲು ತೆಗೆದಿಡಿ ಎಂದು ನಾನೇ ಕೇಳಿಕೊಂಡೆ. ಇಲ್ಲಿಯವರೆಗೆ ಬರೆದದ್ದನ್ನು ಅವಳು ಕೇಳಿಸಿಕೊಂಡಳು. ಒಳಗೆ ಬಂದು, ತನ್ನ ದನಿ ಕೇಳಿದರೆ ಅಣ್ಣ ಓಗೊಡುತ್ತಾನೆ, ತಾನೇ ಹೋಗುತ್ತೇನೆ ಎಂದು ಅಧಿಕಾರಿಗಳಿಗೆ ಹೇಳಿದಳು. ನಾನೂ ಎದ್ದೆ. “ನೀವು ಇಲ್ಲೇ ಕೂತಿರಿ” ಎಂದಳು. ಜೀಪು 10-50ಕ್ಕೆ ಹೊರಟಿತು.

ನಾನು ಹೇಳಿದಂತೆಯೇ ಬರೆಯಲಾಗಿದೆ, ಓದಿಸಿ ಕೇಳಿದ್ದೇನೆ, ಇದರಲ್ಲಿ ಸುಳ್ಳಿಲ್ಲ, ಈ ಸಲ ಏನನ್ನೂ ಬಿಟ್ಟಿಲ್ಲ.

ಸ್ಥಳ: ಠಾಣೆ, ಬರಹಗಾರರ ಕೋಣೆ
ದಿನ: ಮಂಗಳವಾರ, ಬೆಳಿಗ್ಗೆ 11-00
ಹೇಳಿಕೆದಾರನ ಸಹಿ: (ಇದೆ)

ಷರಾ: ಸಹಿಯಾದ ಮೇಲೂ ಹೇಳಿಕೆದಾರರು ಮನೆಗೆ ಹೋಗಲು ಒಪ್ಪಿರುವುದಿಲ್ಲ. ಮಧ್ಯಾಹ್ನ 1-40ಕ್ಕೆ ಈ ಷರಾ ಬರೆಯುವಾಗಲೂ ಅದೇ ಕುರ್ಚಿಯಲ್ಲಿ ಕುಳಿತಿರುತ್ತಾರೆ. ವೈರ್‌ಲೆಸ್‌ನಲ್ಲಿ ಇನ್ನೂ ಸುದ್ದಿ ಬಂದಿರುವುದಿಲ್ಲ.