ನೂಲಿನ ನಕಲು

…ಅಲ್ಲಮ್ಮ ಸೌಂದರ್ಯ, ಮೊದಲು ಆ ಬ್ಯಾಗು ಕೆಳಗಿಡು. ಮೈಸೂರು ಬಸ್ಸಿಗೆ ಇನ್ನೂ ಹೊತ್ತಿದೆ. ನಿನ್ನ ಗಂಡ ಶಶಿ ರಾವಂದೂರಲ್ಲಿ ಕಾಯ್ತಾನೆ ಬುಡು, ನನ್ನ ಮಗ ತಾನೆ, ಕಾಯೋದು ಅವನಿಗೆ ಅಭ್ಯಾಸ. ಬಾ, ಸೊಪ್ಪು ಒಣಗಿಸೋ ಬ್ಯಾರನ್ ನೆರಳಿಗೆ ಕೂತ್ಕೋ. ಸೊಪ್ಪು ಮುಟ್ಟಬೇಡ, ಹಸಿ ಹೊಗೆಸೊಪ್ಪಿನ ಅಂಟು ಬಸುರಿ ಕೈಗೆ ಒಳ್ಳೇದಲ್ಲ. ನಾನು ಕಟ್ತೀನಿ, ನೀನು ಕೇಳು. ಅತ್ತೆ ಹೇಳ್ತಾಳೆ ಅಂತ ಬೇಡ, ನಿಮ್ಮಪ್ಪನ ಅಕ್ಕ ಹೇಳ್ತಾಳೆ ಅಂತ ಕೇಳು, ಜೀವಕೋಶದ ವಿಷಯ.

ಆ ಥರ ತುಟಿ ಓರೆ ಮಾಡಬೇಡ. ಸೊಪ್ಪು ಕಟ್ಟೋಳು ಜೀವಕೋಶದ ಪಾಠ ಶುರು ಮಾಡಿದಳು ಅಂತಲಾ? ಈ ಊರಿಗೆ ಮೊದಲು ಬಿಎಸ್ಸಿ ತಂದ ಹೆಂಗಸು ನಾನು ಕಣಮ್ಮ. ಮೈಸೂರಲ್ಲಿ ಹಾಸ್ಟೆಲ್‌ನಲ್ಲಿದ್ದು ಪ್ರಾಣಿಶಾಸ್ತ್ರ ಓದಿದೋಳು.

ಒಂದು ಕೋಶ… ಬರಿಗಣ್ಣಿಗೆ ಕಾಣಲ್ಲ. ಅದರೊಳಗೆ ಒಂದು ಮಾರಿಗಿಂತ ಉದ್ದದ ನೂಲಿದೆ, ಡಿಎನ್‌ಎ ಅಂತ. ಹೇಗೆ ಹಿಡಿಸುತ್ತೆ ಹೇಳು? ತುರುಕಿದರೆ ಗಂಟಾಗುತ್ತೆ. ಅದಕ್ಕೇ ಪ್ರೋಟೀನಿನ ಸಣ್ಣ ಸಣ್ಣ ಉಂಡೆಗಳು. ಒಂದೊಂದು ಉಂಡೆಗೂ ನೂಲು ಸುತ್ತಿ, ಉಂಡೆ ಪಕ್ಕ ಉಂಡೆ ಕೂರಿಸಿ, ಆ ಸರವನ್ನೇ ಮತ್ತೆ ಸುರುಳಿ ಮಾಡಿ, ಮಡಿಸಿ ಇಟ್ಟಿರುತ್ತೆ. ಕೂಸು ಬೆಳೆಯಬೇಕಾದರೆ ಕೋಶ ಎರಡಾಗಬೇಕಲ್ಲ, ಆಗ ಅಷ್ಟನ್ನೂ ಬಿಚ್ಚಿ ನಕಲು ಮಾಡಬೇಕು. ಸೊಪ್ಪು ಕಟ್ಟೋ ಈ ಕಡ್ಡಿ ನೋಡು… ಈ ಕಡೆಗೆ ಸೊಪ್ಪು, ಆ ಕಡೆಗೆ ಸೊಪ್ಪು, ಜೋಡಿ ಜೋಡಿ. ನೂಲೂ ಹಂಗೇ, ಎರಡು ಎಳೆ. ಇಲ್ಲಿ ಯಾವ ಅಕ್ಷರವೋ ಎದುರಿಗೆ ಅದರ ಜೋಡೀನೇ ಇರಬೇಕು. ಎಳೆ ಬೇರೆ ಮಾಡಿ, ಒಂದೊಂದಕ್ಕೂ ಹೊಸ ಜೋಡಿ ಕಟ್ಟುತ್ತೆ ಕೋಶ. ಕಟ್ಟುತ್ತಾನೇ ತಿರುಗಿ ನೋಡುತ್ತೆ, ತಪ್ಪಿದ್ದರೆ ಕಿತ್ತು ಸರಿಯಾದ್ದು ಹಾಕುತ್ತೆ. ಸೊಪ್ಪು ಕಟ್ಟೋಕೆ ಬರೋ ನಮ್ಮ ಚಿಕ್ಕಬೀರಮ್ಮನಿಗೆ ಅದರಲ್ಲಿ ಕಾಲುಭಾಗ ನಿಗಾ ಇದ್ದಿದ್ದರೆ ನಮ್ಮ ಸೊಪ್ಪು ಯಾವತ್ತೋ ಒಳ್ಳೆ ಗ್ರೇಡಿಗೆ ಹೋಗ್ತಿತ್ತು.

ಅಷ್ಟು ನಿಗಾ ಇಟ್ಟರೂ ಕೋಟಿಗಟ್ಟಲೆ ಅಕ್ಷರದಲ್ಲಿ ಎಲ್ಲೋ ಒಂದು ಜಾರಿಬಿಡುತ್ತೆ. ಪುಟ್ಟಿಗೆ ಆಗಿದ್ದು ಅದೇ. ನಿನ್ನ ಮಗಳ ನೂಲಲ್ಲಿ ಹೊಸದಾಗಿ ಆದ ತಪ್ಪು. ನಿನ್ನದೂ ಅಲ್ಲ, ಶಶಿಕುಮಾರಂದೂ ಅಲ್ಲ, ಯಾರ ಮನೇದೂ ಅಲ್ಲ. ಅವಳ ಜೊತೆಗೇ ಮಣ್ಣಿಗೆ ಹೋಯ್ತು. ಈ ಬಸುರಿಗೂ ಅದಕ್ಕೂ ಸಂಬಂಧ ಇಲ್ಲ. ಮತ್ತೆ ಮೈಸೂರಿಗೆ ಹೋಗಿ ರಕ್ತ ಯಾಕೆ ಕೊಡಬೇಕು?

ಗೊತ್ತು. ಡಾಕ್ಟರು ಹೇಳಿದಾಗ ನಾನೂ ಪಕ್ಕದಲ್ಲೇ ಕೂತಿದ್ದೆ. ಅಪ್ಪನದೊಂದು ಪ್ರತಿ, ಅಮ್ಮನದೊಂದು ಪ್ರತಿ. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುತ್ತೆ, ಎರಡೂ ಕೆಟ್ಟಿದ್ದರೆ ಮಾತ್ರ ಕೂಸಿನ ಮೈಗೆ ಕಸುವು ಬರಲ್ಲ ಅಂದರು. ನಿಮ್ಮಿಬ್ಬರ ರಕ್ತದಲ್ಲೂ ಕಂಡರೆ ಹೊಟ್ಟೇಲಿರೋದನ್ನೂ ನೋಡಬೇಕು, ತಡ ಮಾಡಿದರೆ ಕೈಲಾಗೋದು ಏನೂ ಇರಲ್ಲ ಅಂದರು. ಆದರೆ ಅವರೇ ಕೇಳಲಿಲ್ಲವಾ, ಮುಂಚೆ ಮನೇಲಿ ಯಾವುದಾದರೂ ಕೂಸು ಹೀಗೆ ಹೋಗಿತ್ತಾ ಅಂತ? ವಂಶದ ಚಿತ್ರ ಬರೆದಾಗ ಯಾರನ್ನ ಕೇಳಿ ಬರೆದರು? ನನ್ನ. ಹುಟ್ಟಿದ್ದು, ಸತ್ತಿದ್ದು, ತಾರೀಖು ಸಮೇತ ಹೇಳಿದೆ. ಇಷ್ಟು ಚೊಕ್ಕವಾಗಿ ಯಾರೂ ಹೇಳಿಲ್ಲ ಅಮ್ಮ ಅಂದರು. ಅಂಥಾದ್ದು ಯಾವುದೂ ಇಲ್ಲ ಅಂತ ಬರಕೊಂಡರು. ಮುಗೀತಲ್ಲ.

ಸಂಬಂಧದಲ್ಲೇ ಮದುವೆ ಅಂದ ತಕ್ಷಣ ಅವರ ಮುಖ ಸಣ್ಣಗಾಯ್ತು, ನೋಡಿದೆ. ತಮ್ಮನ ಮಗಳನ್ನ ಮಗನಿಗೆ ತಂದುಕೊಂಡಿದ್ದು ಅಪರಾಧವಾ? ನಾನೂ ಸೋದರಮಾವನ ಮಗನನ್ನೇ ಕಟ್ಟಿಕೊಂಡೆ. ಶಶಿ ಹೋರಿ ಹಾಗಿಲ್ಲವಾ? ನಿಮ್ಮಪ್ಪ ಲಿಂಗರಾಜು ಬೇಡ ಅಂದಿದ್ದ, ಓದಿದ ಹುಡುಗಿ, ಹೊರಗೆ ಕೊಡೋಣ ಅಕ್ಕ ಅಂತ. ಹಠ ಮಾಡಿದ್ದು ನಾನು. ಈಗ ನಿಮ್ಮಿಬ್ಬರ ರಕ್ತದಲ್ಲೂ ಒಂದೇ ತಪ್ಪು ಕಂಡರೆ… ನಿಮ್ಮಪ್ಪನ ಎದುರಿಗೆ ನಾನು ಹೇಗೆ ಕೂರಲಿ?

ಬ್ಯಾಗಿಗೆ ಯಾಕಮ್ಮ ಕೈ ಹಾಕ್ತೀಯಾ? ಕೂತ್ಕೋ.

ನಾನೇನು ಪುಟ್ಟಿಗೆ ಕಮ್ಮಿ ಮಾಡಿದೆನಾ? ಕಾಲು ಚೆಲ್ಲಿಕೊಂಡು ಮಲಗಿದ್ದು ಕಂಡ ದಿನವೇ, ಇನ್ನೂ ಯಾವ ಡಾಕ್ಟರನ್ನೂ ನೋಡಿರಲಿಲ್ಲ, ಕತ್ತಿನ ಕೆಳಗೆ ಅಂಗೈ ಕೊಟ್ಟು ಎತ್ತು ಅಂತ ನಿನಗೆ ತೋರಿಸಿದೋಳು ಯಾರು? ಎದೆಗೆ ಹಾಕಿದರೆ ನೆತ್ತಿಗೆ ಹತ್ತುತ್ತೆ, ಹಾಲಲ್ಲಿ ಬತ್ತಿ ಅದ್ದಿ ದವಡೆ ಪಕ್ಕಕ್ಕೆ ಹಿಂಡು ಅಂತ ಹೇಳಿದೋಳು ಯಾರು? ಮಗ್ಗುಲಾಗಿ ಮಲಗಿಸಬೇಕು, ಅಂಗಾತ ಹಾಕಿದರೆ ಗಂಟಲಲ್ಲಿ ಗೊರಗೊರ ಅನ್ನುತ್ತೆ, ಆಮೇಲೆ ಆ ಸದ್ದು ನಿಲ್ಲಲ್ಲ…

ಯಾಕೆ ಹಾಗೆ ನೋಡ್ತೀಯಾ?

ಪುಸ್ತಕದಲ್ಲಿತ್ತು. ಓದಿದ್ದೆ. ಯಾವ ಪುಸ್ತಕ ಅಂದರೆ… ಎಲ್ಲಾ ನೆನಪಿರುತ್ತಾ?

ನೋಡಬೇಡ ಕಣೇ ಹಂಗೆ.

…ತಿರುಗಿ ನೋಡುತ್ತೆ ಅಂದೆನಲ್ಲ ಕೋಶ. ಅದು ನೋಡೋದು ಹೊಸ ಎಳೆ ಹಳೇದಕ್ಕೆ ಜೋಡಿಯಾಗುತ್ತಾ ಅಂತ, ಅಷ್ಟೇ. ಹಳೇದರಲ್ಲೇ ತಪ್ಪಿದ್ದರೆ ಅದಕ್ಕೆ ತಿಳಿಯಲ್ಲ. ತಪ್ಪನ್ನೂ ಅಷ್ಟೇ ನಿಗಾದಿಂದ ಕಟ್ಟುತ್ತೆ. ಮಗನಿಗೆ, ಮಗನ ಮಗಳಿಗೆ…

ಗಂಡು ಕೂಸು. ಕತ್ತು ನಿಂತ ಮೇಲೆ ಹೆಸರಿಡೋಣ ಅಂದರು. ನಿಲ್ಲಲೇ ಇಲ್ಲ. ಹೆಸರಿಡದೆ ಹೋದದ್ದನ್ನ ನಮ್ಮಲ್ಲಿ ಎಣಿಸಲ್ಲ ಕಣಮ್ಮ. ಹಬ್ಬದಲ್ಲಿ ಎಡೆ ಇಡಲ್ಲ, ಎಷ್ಟು ಜನ ಮಕ್ಕಳು ಅಂದರೆ ಸೇರಿಸಲ್ಲ. ನಮ್ಮತ್ತೆ ಹಾಗೇ ಹೇಳಿಕೊಟ್ಟರು, ನಾನೂ ಹಾಗೇ ಬಂದೆ. ಡಾಕ್ಟರು ಕೇಳಿದಾಗಲೂ, ಸುಳ್ಳು ಹೇಳ್ತಿದ್ದೀನಿ ಅಂತ ಅನ್ನಿಸಲಿಲ್ಲ.

…ಅನ್ನಿಸಿತು.

ಏಳು. ಬ್ಯಾಗು ತಗೋ, ಬಸ್ಸು ತಪ್ಪುತ್ತೆ. ಇಬ್ಬರೂ ರಕ್ತ ಕೊಡಿ. ಅವರು ಮತ್ತೆ ಕೇಳಿದರೆ ನೀನೇ ಹೇಳು, ನನ್ನ ಬಾಯಲ್ಲಿ ಬರಲ್ಲ. ಶಶಿಗೆ ಮಾತ್ರ ದಾರೀಲೇ ಹೇಳಿಬಿಡು, ಆಸ್ಪತ್ರೇಲಿ ಬೇಡ. ಅವನಿಗೊಬ್ಬ ಅಣ್ಣ ಇದ್ದ ಅಂತ ಅವನಿಗೇ ಗೊತ್ತಿಲ್ಲ.