ಇದು ನನ್ನ ಇಲಿ

ಪ್ರಾಣಿಗಳ ಆಸ್ಪತ್ರೆಯ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಪಕ್ಕಕ್ಕೆ ಬಂದು ಕೂತದ್ದೇ ತಡ, ಅಲ್ಲಿ ಮೊದಲೇ ಕೂತಿದ್ದ ದರ್ಜಿ ಹೆಂಗಸೊಬ್ಬಳು ತನ್ನ ಬೆಕ್ಕಿನ ಬುಟ್ಟಿಯನ್ನು ಆಚೆ ಬದಿಗೆ ಸರಿಸಿದಳು. ತಂಗಿಯ ತೊಡೆಯ ಮೇಲಿದ್ದ ಪಂಜರದಲ್ಲಿ ಬಿಳಿ ಇಲಿಯೊಂದು ಸೀನುತ್ತಿತ್ತು.

"ಜನ ಇಲಿಗೆ ಬೋನು ಇಡ್ತಾರೆ. ನೀನು ಡಾಕ್ಟರ ಹತ್ರ ಕರ್ಕೊಂಡು ಬಂದಿದ್ದೀಯಲ್ಲೇ!" ಅಂದಳು ಅಕ್ಕ.

"ಬೋನಿಗೆ ಬೀಳೋ ಇಲಿ ಬೇರೆ. ಇದು ನನ್ನದು. ಗೊತ್ತಿಲ್ಲದೆ ಮರದ ಹೊಟ್ಟು ಹಾಸಿದ್ದೆ, ಆ ಧೂಳು ಇದಕ್ಕೆ ಆಗಲ್ಲವಂತೆ. ಈಗ ಹಳೇ ಬಟ್ಟೆ ಹಾಸಿದ್ದೀನಿ."

"ಅಣ್ಣ ಹೇಳಿದ್ದು ಕೇಳಿಸ್ತು ತಾನೆ? ಮನೇಲಿ ಒಂದೋ ಇಲಿ ಇರಬೇಕು, ಇಲ್ಲಾ ನೀನಿರಬೇಕು."

"ಇಬ್ಬರೂ ಹೊರಡ್ತೀವಿ. ಬೇಕರಿ ಮೇಲಿನ ರೂಮು ನೋಡಿ ಬಂದೆ. ಅಪ್ಪ ಹೋದಮೇಲೆ ಆ ಮನೇಲಿ ನಾನು ಬಂದ್ರೆ ಎದ್ದು ನಿಂತು ನೋಡೋ ಜೀವ ಇದೊಂದೇ."

ತಂಗಿ ಪಂಜರದೊಳಗೆ ಬೆರಳು ಹಾಕಿ ಇಲಿಯ ತಲೆ ಸವರಿದಳು.

"ಅಯ್ಯೋ, ಹಲ್ಲು ಮಸೀತಿದೆ! ಕೈ ತೆಗಿಯೇ!"

"ಸವರಿದ್ರೆ ಖುಷಿಗೆ ಹಾಗೆ ಮಾಡುತ್ತೆ ಅಕ್ಕ."

"ಅಣ್ಣನೂ ಹಲ್ಲು ಮಸೀತಾನಲ್ಲ."

"ಅದು ಖುಷಿಗಲ್ಲ ಬಿಡು."

ಅಕ್ಕ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅಕ್ಕನೇ ಎದ್ದು ಪಂಜರಕ್ಕೆ ಕೈ ಚಾಚಿದಳು.

"ಕೊಡಿಲ್ಲಿ. ರೂಮಿಗೆ ಸಾಮಾನು ಸಾಗಿಸೋಕೆ ನಾನು ಯಾವತ್ತು ಬರಲಿ ಹೇಳು."

ಇಬ್ಬರೂ ಒಳಗೆ ಹೋದರು.