ಹತ್ತಕ್ಕೊಂದು

...ಅಲ್ಲ, ಬಾಗಿಲ ಹತ್ತಿರಾನೇ ಯಾಕೆ ಕೂತೆ? ಒಳಗೆ ಬಾ. ಶೂ ಬಿಚ್ಚದಿದ್ದರೂ ನಡೆಯುತ್ತೆ, ನೆಲ ಒರೆಸೋಳು ನಾನೇ ತಾನೆ! ಯಾಕೆ ನಗ್ತೀಯ? ನಿನ್ನನ್ನ ‘ನೀನು’ ಅಂದೆ ಅಂತಲಾ? ಗಂಡ ಆಗಿದ್ದಾಗ ‘ನೀವು’ ಅಂದಿದ್ದು ಸಾಕು. ಬಿಟ್ಟು ಹೋದಮೇಲೂ ಬಹುವಚನ ಕೊಡ್ತಾ ಕೂರೋಕೆ ನನಗೇನು ಹುಚ್ಚಾ?

ಕೈಯಲ್ಲಿ ಅದೇನು... ಷೇರು ಮಾರೋ ಅರ್ಜಿ. ಅಂದುಕೊಂಡೆ. ನಿನ್ನ ಸಹಿ ಆಗಲೇ ಹಾಕಿಬಿಟ್ಟಿದ್ದೀಯ. ನನ್ನ ಜಾಗ ಖಾಲಿ. ಪೆನ್ನು ಜೇಬಲ್ಲೇ ಇರಲಿ, ಮೊದಲು ಕೇಳು.

ಆ ಷೇರು ಹೇಗೆ ಬಂತು, ಮರೆತೆಯಾ? ಬಾಟಲಿ ಕಾರ್ಖಾನೆಯಲ್ಲಿ ನೀನು ಕುಲುಮೆ ಮುಂದೆ ಬೇಯ್ತಾ, ನಾನು ದೀಪದ ಮುಂದೆ ಬಾಟಲಿ ಬಿರುಕು ಹುಡುಕ್ತಾ, ಕೂಡಿಟ್ಟ ಸಂಬಳದಲ್ಲಿ ಅದೇ ಕಂಪನಿ ಷೇರು... ಜೋಡಿ ಹೆಸರಲ್ಲಿರಲಿ ಅಂದಿದ್ದು ಯಾರು? ನೀನೇ! ಒಬ್ಬರು ಸತ್ತರೆ ಇನ್ನೊಬ್ಬರಿಗೆ ಅಂತ. ಇಬ್ಬರೂ ಬದುಕಿದ್ದು ಬೇರೆ ಆದರೆ ಏನು ಗತಿ ಅಂತ ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ನೋಡು. ನಾನಿಲ್ಲದೆ ನೀನು ಮಾರೋ ಹಾಗಿಲ್ಲ, ನೀನಿಲ್ಲದೆ ನಾನು...

ಡಿವಿಡೆಂಡ್ ಯಾವ ವರ್ಷ ತಪ್ಪಿದೆ, ಹೇಳು? ಮುಷ್ಕರದ ವರ್ಷ ಅರ್ಧಕ್ಕಿಳಿಸಿದರು, ನಿಜ. ಪ್ಲಾಸ್ಟಿಕ್ ಬಂದು ಇನ್ನು ಗಾಜಿನ ಕಥೆ ಮುಗೀತು ಅಂದಾಗಲೂ ಕೊಟ್ಟರು. ದುಡ್ಡು ಬಂದಾಗೆಲ್ಲ ನೀನು ಬರ್ತಿದ್ದೆ. ಕಾಫಿ ಕುಡಿದು, ಸಕ್ಕರೆ ಜಾಸ್ತಿ ಅಂತ ಗೊಣಗಿ, ಚೆಕ್ಕಿಗೆ ಇಬ್ಬರೂ ಸಹಿ ಹಾಕಿ, ಅರ್ಧ ಅರ್ಧ. ಹೋದ ವರ್ಷ ನೀನು ಬರೋದೂ ನಿಂತಿತು. ನಿನ್ನ ಪಾಲು ತಾನಾಗಿ ನಿನ್ನ ಖಾತೆಗೆ ಹೋಗಲಿ ಅಂತ ಬ್ಯಾಂಕಿಗೆ ಬರೆದುಕೊಟ್ಟೆಯಲ್ಲ. ನಾನೂ ಸಹಿ ಹಾಕಿದೆ, ದಡ್ಡಿ!

ಈ ಸಲ ನಗದು ಇಲ್ಲ. ಹತ್ತು ಷೇರಿಗೆ ಒಂದು ಷೇರು ಕೊಟ್ಟಿದ್ದಾರೆ, ಮತ್ತೆ ಜೋಡಿ ಹೆಸರಿಗೇ. ನಾನೇನು ಮಾಡಲಿ? ಹೊಸ ಕುಲುಮೆ ಕಟ್ಟೋಕೆ ದುಡ್ಡು ಉಳಿಸಿಕೊಂಡಿರಬೇಕು. ಆದರೂ ಷೇರು ಜಾಸ್ತಿ ಆಯ್ತಲ್ಲ! ...ಹುಬ್ಬು ಏರಿಸಬೇಡ. ಸರಿ, ಒಪ್ಪಿದೆ. ಹತ್ತು ಬಾಟಲಿ ನೀರನ್ನ ಹನ್ನೊಂದಕ್ಕೆ ಹಂಚಿದ ಹಾಗೆ. ಬಾಟಲಿ ಹೆಚ್ಚಿತು, ನೀರು ಅಷ್ಟೇ. ಒಂದೊಂದರ ಬೆಲೆ ಅಷ್ಟು ಇಳೀತು. ಅದಕ್ಕೇ ಹೇಳೋದು, ಈಗ ಮಾರಬೇಡ. ಮುಂದಿನ ವರ್ಷ ನಗದು ಕೊಟ್ಟರೆ ಹನ್ನೊಂದಕ್ಕೂ ಬರುತ್ತೆ...

ಗೊತ್ತು, ಗೊತ್ತು. ಡಿವಿಡೆಂಡ್ ಬಂದ ಕೂಡಲೇ ಮುಂಗಡ ಕಟ್ತೀನಿ ಅಂತ ಮನೆ ಮಾಲೀಕನಿಗೆ ನೀನು ಮಾತು ಕೊಟ್ಟಿದ್ದೆ. ಬರಲಿಲ್ಲ. ಅದಕ್ಕೇ ಮಾರೋದು. ಈಗ ಕಟ್ಟಿಕೊಂಡಿದ್ದೀಯಲ್ಲ, ಅವಳ ಜೊತೆ ಹೊಸ ಮನೆ, ಬೇರೆ ಊರು. ಹೋಗು, ನಾನೇನು ಕಾಲು ಹಿಡಿದೆನಾ? ನಾನು ಎಲ್ಲಿಗೆ ಹೋಗ್ಲಿ? ಲಿಫ್ಟ್ ಕೆಟ್ಟು ಯಾವ ಕಾಲ ಆಯ್ತೋ! ಐದನೇ ಮಹಡಿ, ಈ ಮೊಣಕಾಲು... ಅಂಗಡಿಯವನು ಸಾಮಾನು ಬುಟ್ಟಿಗೆ ಹಾಕ್ತಾನೆ, ನಾನು ಕಿಟಕಿಯಿಂದ ಹಗ್ಗ ಎಳೀತೀನಿ. ಮೊನ್ನೆ ಕೆಳಗಿಂದ ಕೂಗ್ತಾನೆ, ‘ಅಮ್ಮಾ, ಮನೇಲಿದ್ದೀರಾ?’ ‘ಇಲ್ಲಪ್ಪಾ, ನಾಟ್ಯಕ್ಕೆ ಹೋಗಿದೀನಿ’ ಅಂದೆ! ...ಇದಕ್ಕೆ ನಗಬೇಕಿತ್ತು ನೀನು.

ಕೆಳಗೆ ಅದ್ಯಾರು ಹಾರ್ನ್ ಹೊಡೀತಾ ಇರೋದು? ನಮ್ಮ ಕುಳ್ಳನಾ? ನಿನ್ನ ಪಾಳಿಯ ಕುಳ್ಳ? ಅಯ್ಯೋ, ಅವನ ಆ ಸ್ಕೂಟರ್ ತುಕ್ಕು ಹಿಡಿದು ಬಿದ್ದಿತ್ತಲ್ಲ, ರಿಪೇರಿಗೆ ಎಲ್ಲಿಂದ ದುಡ್ಡು...

ಯಾಕೆ ಹಾಗೆ ನೋಡ್ತೀಯ?

ಅವನ ಹತ್ತಿರವೂ ಇದೇ ಷೇರು... ಅವನಿಗೆ ನಗದು ಬಂತಾ?

ಹೂಂ ಅಂತೀಯ. ...ಹಾಗಾದರೆ ಮೆಟ್ಟಿಲು ಹತ್ತೋ ಮೊದಲೇ ಗೊತ್ತಿತ್ತು ನಿನಗೆ. ಬಾಟಲಿ, ನೀರು, ಎಲ್ಲ ಸುಮ್ಮನೆ ಕೇಳ್ತಾ ಕೂತೆ!

ಹೌದು. ಕಂಪನಿಯವರು ಕೇಳಿದ್ದರು. ಮೊದಲ ಹೆಸರು ನನ್ನದಲ್ವಾ, ನನಗೇ ಫೋನ್ ಮಾಡಿದ್ದರು. ‘ನಗದು ಬೇಕಾ, ಷೇರು ಬೇಕಾ?’ ಎಳೇ ಹುಡುಗಿ ದನಿ. ‘ನಿಧಾನವಾಗಿ ಯೋಚನೆ ಮಾಡಿ ಹೇಳಿ ಮೇಡಂ’ ಅಂದಳು. ಯೋಚನೆ ಏನು ಬಂತು... ಷೇರು ಅಂದೆ.

ನಗದು ಅಂದಿದ್ದರೆ ದುಡ್ಡು ನೇರ ನಿನ್ನ ಖಾತೆಗೆ ಹೋಗ್ತಿತ್ತು. ಆಗ... ನೀನು ಬರ್ತಿದ್ದೆಯಾ?

ಹೇಳು. ಸುಳ್ಳಾದರೂ ಹೇಳು...

ಹಾರ್ನ್ ಹೊಡೀತಾನೇ ಇದ್ದಾನೆ, ಕುಳ್ಳ.

ಸರಿ. ಪೆನ್ನು ಕೊಡು.